ವಾರ್ಡಿನ ಕಾವಲು ಮಗಳನ್ನು ಉಳಿಸಿತೋ, ನೋಯಿಸಿತೋ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ಮಗಳಿಗೆ 20 ವರ್ಷ. ಶಿವಮೊಗ್ಗದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಹೋದ ತಿಂಗಳು ತನಗೆ ತಾನೇ ಗಾಯ ಮಾಡಿಕೊಂಡಳು. ಮೊದಲೂ ಮಾಡಿಕೊಂಡಿದ್ದಳಂತೆ, ನಮಗೆ ಗೊತ್ತಿರಲಿಲ್ಲ. ‘ಬದುಕೋದೇ ಬೇಡ ಅನ್ಸುತ್ತೆ’ ಅಂತ ಡಾಕ್ಟರ ಹತ್ತಿರ ಅಂದಿದ್ದಕ್ಕೆ ಅಡ್ಮಿಟ್ ಮಾಡಿ ಅಂದರು. ಅವಳು ಒಪ್ಪಲಿಲ್ಲ, ನಾನೇ ಸಹಿ ಹಾಕಿದೆ. 12 ದಿನ ವಾರ್ಡಿನಲ್ಲಿ ಜೊತೆಗಿದ್ದೆ. ಬಳೆ, ಕ್ಲಿಪ್ಪು, ಫೋನು ಎಲ್ಲ ತೆಗೆದಿಟ್ಟರು. ಬಾತ್‌ರೂಮಿಗೆ ಒಳಗಿಂದ ಚಿಲಕ ಇಲ್ಲ. ರಾತ್ರಿ ಕಾಲು ಗಂಟೆಗೊಮ್ಮೆ ಬಂದು ಮುಖಕ್ಕೆ ಟಾರ್ಚ್ ಬಿಡುತ್ತಿದ್ದರು. ಒಂದು ದಿನ ಇವಳು ಕೂಗಾಡಿದ್ದಕ್ಕೆ ಕೈಗಳನ್ನು ಮಂಚಕ್ಕೆ ಕಟ್ಟಿದರು. ಕೊನೆಗೆ ‘ಇನ್ನು ಹೀಗೆ ಮಾಡಿಕೊಳ್ಳಲ್ಲ’ ಅಂತ ಬರೆಸಿಕೊಂಡು ಕಳಿಸಿದರು. ಮನೆಗೆ ಬಂದು ಎರಡು ವಾರ ಆಯಿತು. ಮಾತ್ರೆ ತಗೋತಾಳೆ. ಆದರೆ ‘ಕಳ್ಳಿಯನ್ನ ನೋಡೋ ಹಾಗೆ ನೋಡಿದ್ರು, ಇನ್ನು ಯಾವ ಡಾಕ್ಟರ ಹತ್ರಾನೂ ಬರಲ್ಲ’ ಅಂತಾಳೆ. ನಮ್ಮ ಮನೆಯವರು ಅವಳ ಕೋಣೆಯ ಚಿಲಕ ಕಿತ್ತು ಹಾಕಿದ್ದಾರೆ. ಅತ್ತೆ ಒಂದು ಸಲ ‘ಇದೆಲ್ಲ ಆಟ’ ಅಂತಾರೆ, ಇನ್ನೊಂದು ಸಲ ‘ಏನೋ ಸೋಕಿದೆ, ತೋರಿಸಿ’ ಅಂತಾರೆ. ಆಸ್ಪತ್ರೆಯಲ್ಲಿ ಮಾಡಿದ್ದು ಸರೀನಾ? ಪೊಲೀಸ್ ಕೇಸ್ ಆಗುತ್ತಾ? ಮತ್ತೆ ಹಾಗಾದರೆ ಎಂತ ಮಾಡೋದು?

ಉತ್ತರ: ಪ್ರಶ್ನೆ ನಾಲ್ಕೈದು ಇದ್ದರೂ ನಿಮ್ಮ ಸಂಕಟ ಒಂದೇ ಅನ್ನಿಸಿತು. ಮಗಳು ಬದುಕಲಿ ಅಂತ ಸಹಿ ಹಾಕಿದಿರಿ. ಅವಳಿಗೆ ಅದೇ ಅವಮಾನ ಆಯಿತು. ಮತ್ತೆ ಅಂಥ ಹೊತ್ತು ಬಂದರೆ ಯಾವುದನ್ನು ಆರಿಸಲಿ ಅಂತ ಕೇಳುತ್ತಿದ್ದೀರಿ. ಶಿವಮೊಗ್ಗದಲ್ಲಿ ಮನೋವೈದ್ಯೆಯಾಗಿರುವ ನನಗೆ ಈ ಮಾತು ಹೊಸದಲ್ಲ. ನೀವು ಸಹಿ ಹಾಕಿದ್ದು ಸರಿ. ವಾರ್ಡಿನಲ್ಲಿ ನಡೆದದ್ದರಲ್ಲಿ ಕೆಲವು ಬೇಕೇಬೇಕಿತ್ತು. ಕೆಲವನ್ನು ಬೇರೆ ರೀತಿ ಮಾಡಬಹುದಿತ್ತು. ಮಗಳ ಸಿಟ್ಟನ್ನು ಮಾತ್ರ ಕಾಯಿಲೆಯ ಲಕ್ಷಣ ಅಂತ ತಳ್ಳಿಹಾಕಬೇಡಿ. ಅದರಲ್ಲಿ ನ್ಯಾಯ ಇದೆ.

ಮೊದಲು ಸಾಮಾನಿನ ವಿಷಯ. ಸಾಯಬೇಕು ಅನ್ನಿಸುವ ತೀವ್ರ ಹೊತ್ತು ಸಾಮಾನ್ಯವಾಗಿ ತುಂಬಾ ಉದ್ದ ಇರುವುದಿಲ್ಲ. ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ‘ಇದು ಸಿಗದಿದ್ದರೆ ಇನ್ನೊಂದು ಹುಡುಕ್ತಾರೆ’ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಬಹಳ ಮಂದಿ ಹಾಗೆ ಮಾಡುವುದಿಲ್ಲ. ಶ್ರೀಲಂಕಾದಲ್ಲಿ ಅತಿ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. 1995ರಿಂದ ಎರಡು ದಶಕದಲ್ಲಿ ಅಲ್ಲಿಯ ಆತ್ಮಹತ್ಯೆ ಪ್ರಮಾಣ ಮೂರರಲ್ಲಿ ಎರಡು ಭಾಗದಷ್ಟು ಇಳಿಯಿತು. ಇಷ್ಟು ದೊಡ್ಡ ಇಳಿಕೆ ಬೇರೆ ಯಾವ ಒಂದು ಕ್ರಮದಿಂದಲೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ವಾರ್ಡಿನಲ್ಲಿ ಸಾಮಾನು ತೆಗೆದಿಡುವುದು ತಪ್ಪಲ್ಲ.

ತೆಗೆದಿಡುವ ರೀತಿ ಮಾತ್ರ ಬೇರೆ ಪ್ರಶ್ನೆ. ಹೆಣ್ಣುಮಗಳ ಕೈಯಿಂದ ಬಳೆ ತೆಗೆಸುವುದು ಅಂದರೆ ನಮ್ಮ ಕಡೆ ಏನು ಅಂತ ನಿಮಗೆ ಗೊತ್ತು, ನನಗೂ ಗೊತ್ತು. ಅದನ್ನು ಟ್ರೇಯಲ್ಲಿ ಹಾಕಿ ಒಯ್ದರೆ ಮುಗಿಯಲಿಲ್ಲ. ಯಾಕೆ ಅಂತ ಹೇಳಬೇಕು. ಪಟ್ಟಿ ಬರೆದು ಅವಳ ಸಹಿ ತೆಗೆದುಕೊಳ್ಳಬೇಕು. ಎರಡು ದಿನಕ್ಕೊಮ್ಮೆ ‘ಈಗ ಇದನ್ನು ವಾಪಸ್ ಕೊಡಬಹುದಾ’ ಅಂತ ನೋಡಬೇಕು. ಒಬ್ಬ ಹುಡುಗಿ ನನಗೆ ಹೇಳಿದ್ದು: ‘ಮೇಡಂ, ಎಲ್ಲ ತಗೊಂಡ್ರು ಅಂತ ಬೇಜಾರಿಲ್ಲ. ಪ್ರತಿ ಸಲ ಪ್ಯಾಡ್ ಬೇಕಾದ್ರೂ ಎಲ್ಲರ ಎದುರು ಕೇಳಬೇಕಿತ್ತು.’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದನ್ನೂ ಬಿಟ್ಟಿಲ್ಲ. ಮುಟ್ಟಿನ ಹೊತ್ತಿಗೆ ಬೇಕಾದ್ದು ಕೈಗೆ ಸಿಗಬೇಕು, ಖಾಸಗಿತನ ಇರಬೇಕು, ಬೇಕೆಂದರೆ ಸ್ವಂತ ಬಟ್ಟೆ ಹಾಕಿಕೊಳ್ಳಬಹುದು, ತಲೆ ಬೋಳಿಸುವಂತಿಲ್ಲ ಅಂತ ಅದರಲ್ಲಿದೆ. ಆಸ್ಪತ್ರೆಯ ನಿಯಮಕ್ಕೆ ಒಳಪಟ್ಟು, ಸರಿಯಾದ ಹೊತ್ತಿನಲ್ಲಿ ಫೋನ್ ಮಾಡುವ ಹಕ್ಕೂ ಇದೆ.

ಇನ್ನು ಕಾಯುವುದು. ನಿಮ್ಮ ಮಗಳ ನೋವಿನ ಗಂಟು ಇಲ್ಲೇ ಇದೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಅಪಾಯ ಜಾಸ್ತಿ ಇದ್ದಾಗ ಒಬ್ಬರು ಪಕ್ಕದಲ್ಲೇ ಇರುತ್ತಾರೆ. ಸ್ವಲ್ಪ ಕಡಿಮೆ ಆದಮೇಲೆ ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಬಂದು ನೋಡಿ ಹೋಗುತ್ತಾರೆ. ಈ ಪದ್ಧತಿ ಎಲ್ಲ ಕಡೆ ಇದೆ. ಆದರೆ ಬರೀ ಬಂದು ನೋಡಿ ಟಿಕ್ ಹಾಕಿ ಹೋದರೆ ಜೀವ ಉಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಯಾವ ದೇಶದಲ್ಲಿ ರೋಗಿಗಳನ್ನು ಕೇಳಿದರೂ ಬರುವುದು ಹೆಚ್ಚುಕಮ್ಮಿ ಒಂದೇ ಉತ್ತರ. ಪಕ್ಕ ಕೂತವರು ಮಾತಾಡಿಸಿದರೆ ಧೈರ್ಯ ಬಂತು. ಸುಮ್ನೆ ಕೂತು ನೋಡುತ್ತಿದ್ದರೆ ಜೈಲು ಅನ್ನಿಸಿತು. ಕೆಲವರು ‘ನನ್ನನ್ನ ನನ್ನಿಂದಲೇ ಕಾಪಾಡೋಕೆ ಯಾರೋ ಇದ್ದಾರೆ ಅಂತ ಮೊದಲ ಸಲ ನಿದ್ದೆ ಬಂತು’ ಅಂತಲೂ ಹೇಳುತ್ತಾರೆ. ಈ ಮಾತನ್ನು ಮರೆಯಬಾರದು.

ರಾತ್ರಿಯ ಟಾರ್ಚನ್ನೇ ತಗೊಳ್ಳಿ. ನೋಡಲೇಬೇಕು, ಉಸಿರಾಡುತ್ತಿದ್ದಾರಾ ಅಂತ ತಿಳಿಯಬೇಕು. ಒಬ್ಬ ಹಳೇ ಸಿಸ್ಟರನ್ನು ನೋಡಿದ್ದೇನೆ. ಟಾರ್ಚಿನ ಬಾಯಿಗೆ ಬೆರಳು ಅಡ್ಡ ಹಿಡಿದು ಬೆಳಕನ್ನು ಗೋಡೆಗೆ ಬಿಡುತ್ತಾರೆ. ಆ ಮಬ್ಬಿನಲ್ಲಿ ಹೊದಿಕೆ ಏರಿಳಿಯುವುದು ಕಾಣುವವರೆಗೆ ನಿಂತು ಮುಂದೆ ಹೋಗುತ್ತಾರೆ. ಎಚ್ಚರ ಇದ್ದವರಿಗೆ ‘ನಿದ್ದೆ ಬರ್ಲಿಲ್ವಾ, ನೀರು ಬೇಕಾ’ ಅಂತ ಎರಡು ಮಾತು. ಬಾತ್‌ರೂಮಿನ ಬಾಗಿಲಲ್ಲಿ ಇಣುಕುವುದಿಲ್ಲ. ಹೊರಗೆ ನಿಂತು ಹೆಸರು ಕರೆಯುತ್ತಾರೆ. ಒಳಗಿಂದ ‘ಹೂಂ ಸಿಸ್ಟರ್’ ಬಂದರೆ ಆಯಿತು. ಅದೇ ಕೆಲಸ, ಅದೇ ಹದಿನೈದು ನಿಮಿಷ. ಸಂಬಳವೂ ಅದೇ, ಪಾಪ.

ಹೀಗೆ ಆಗದಿದ್ದರೆ ಅವಮಾನಕ್ಕಿಂತ ದೊಡ್ಡ ನಷ್ಟ ಒಂದಿದೆ. ರೋಗಿ ಸುಳ್ಳು ಹೇಳಲು ಕಲಿಯುತ್ತಾರೆ. ‘ಕೆಟ್ಟ ಯೋಚನೆ ಬಂತು’ ಅಂದರೆ ಕಾವಲು ಬಿಗಿಯಾಗುತ್ತದೆ, ಡಿಸ್ಚಾರ್ಜ್ ಮುಂದಕ್ಕೆ ಹೋಗುತ್ತದೆ. ‘ಚೆನ್ನಾಗಿದೀನಿ ಡಾಕ್ಟ್ರೇ’ ಅಂದರೆ ಮನೆಗೆ ಬಿಡುತ್ತಾರೆ. ಎರಡನೇ ದಿನದ ರೌಂಡ್ಸ್‌ಗೇ ಈ ಲೆಕ್ಕ ಎಲ್ಲರಿಗೂ ಅರ್ಥವಾಗಿರುತ್ತದೆ. ಆಮೇಲೆ ನಮಗೆ ಸಿಗುವುದು ನಗುಮುಖದ ಉತ್ತರ. ಒಳಗೇನಿದೆ ಗೊತ್ತಾಗುವುದಿಲ್ಲ. ಕಾವಲಿನ ಉದ್ದೇಶವೇ ಅಲ್ಲಿಗೆ ಮುಗಿಯಿತು. ‘ಇನ್ನು ಮಾಡಿಕೊಳ್ಳಲ್ಲ’ ಅಂತ ಬರೆಸಿಕೊಳ್ಳುವ ಕಾಗದದ ಕಥೆಯೂ ಇದೇ. ಅದು ಆಸ್ಪತ್ರೆಯವರ ಸಮಾಧಾನಕ್ಕೆ. ಅದರಿಂದ ಅಪಾಯ ಕಡಿಮೆಯಾಗುತ್ತದೆ ಅಂತ ಯಾರೂ ತೋರಿಸಿಲ್ಲ. ಬರೆದವರು ಮುಂದೆ ಕಷ್ಟ ಹೇಳಿಕೊಳ್ಳಲು ಹಿಂಜರಿಯುತ್ತಾರೆ, ಮಾತು ತಪ್ಪಿದ ಹಾಗಾಗುತ್ತಲ್ಲ ಅಂತ. ಮನೆಯಲ್ಲಿ ನೀವು ದೇವರ ಮೇಲೆ ಆಣೆ ಹಾಕಿಸಿಕೊಂಡಿದ್ದರೆ ಅದನ್ನೂ ಬಿಟ್ಟುಬಿಡಿ.

ಇದನ್ನು ಬದಲಾಯಿಸಬಹುದು. ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ಅವರ ತಂಡ ‘ಸೇಫ್‌ವಾರ್ಡ್ಸ್’ ಅಂತ ಒಂದು ಕ್ರಮ ರೂಪಿಸಿತು. ಅದರಲ್ಲಿ ದುಬಾರಿ ಯಂತ್ರ ಏನಿಲ್ಲ. ಸಿಬ್ಬಂದಿ, ರೋಗಿಗಳು ಪರಸ್ಪರ ಪರಿಚಯ ಮಾಡಿಕೊಳ್ಳುವುದು. ಮನೆಯಿಂದ ಕೆಟ್ಟ ಸುದ್ದಿ ಬಂದವರ ಪಕ್ಕ ಮೊದಲೇ ಹೋಗಿ ಕೂರುವುದು. ‘ಇಲ್ಲ, ಆಗಲ್ಲ’ ಅನ್ನುವುದನ್ನೂ ಮೆತ್ತಗೆ ಹೇಳುವುದು. ಹೀಗೆ ಹತ್ತು ಅಭ್ಯಾಸ. 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ವಾರ್ಡಿನ ಜಗಳ, ಸ್ವಯಂಹಾನಿಯಂಥ ಘಟನೆಗಳು ಶೇ 15ರಷ್ಟು ಇಳಿದವು. ಕಟ್ಟುವುದು, ಕೂಡಿಹಾಕುವುದು ಇತ್ಯಾದಿ ಶೇ 26ರಷ್ಟು ಇಳಿದವು. ನಮ್ಮಲ್ಲಿ ರಾತ್ರಿ ಪಾಳಿಗೆ ಇಡೀ ವಾರ್ಡಿಗೆ ಒಬ್ಬರೋ ಇಬ್ಬರೋ ಸಿಸ್ಟರ್ ಇದ್ದರೆ ಪುಣ್ಯ. ಹಾಗಾಗಿ ಪೂರ್ತಿ ತಪ್ಪನ್ನು ಅವರ ತಲೆಗೆ ಕಟ್ಟಲಾರೆ.

ನಮ್ಮ ದೇಶದ ಇನ್ನೊಂದು ವಿಶೇಷ ನೀವೇ. ಹೊರದೇಶದ ಎಷ್ಟೋ ಕಡೆ ಮನೆಯವರು ನೋಡಿಕೊಂಡು ಹೋಗಲು ಮಾತ್ರ ಬರುತ್ತಾರೆ. ಇಲ್ಲಿ ಜೊತೆಗೇ ಉಳಿಯುತ್ತಾರೆ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಮನೆಯವರಿಗೆ ಆವರಣದಲ್ಲೇ ಡೇರೆ ಹಾಕಿಸಿ ಚಿಕಿತ್ಸೆಯಲ್ಲಿ ಸೇರಿಸಿಕೊಂಡರು. ಅದರ ಫಲ ಒಳ್ಳೆಯದೇ ಆಯಿತು. ಆದರೆ ಇವತ್ತು ಎಷ್ಟೋ ಕಡೆ ‘ಪೇಷಂಟ್ ಕಡೆಯವರು ನೋಡ್ಕೊಳ್ಳಿ’ ಅಂತ ಕಾವಲಿನ ಕೆಲಸವನ್ನೇ ಅಮ್ಮನ ಮೇಲೆ ಹಾಕುತ್ತಾರೆ. ಮಗಳ ಕಣ್ಣಲ್ಲಿ ನೀವೂ ವಾರ್ಡನ್ ಆದಿರಿ. ಹನ್ನೆರಡು ರಾತ್ರಿ ನೀವೂ ಸರಿಯಾಗಿ ಮಲಗಿರಲಿಕ್ಕಿಲ್ಲ. ಅವಳ ಜೊತೆ ಒಮ್ಮೆ ಅದನ್ನೇ ಮಾತಾಡಿ. ‘ನಂಗೂ ಅಲ್ಲಿ ಕಷ್ಟ ಆಯ್ತು ಕಣೇ. ನಿಂಗೆ ಯಾವುದು ಜಾಸ್ತಿ ಬೇಜಾರಾಯ್ತು?’ ಅಂತ ಕೇಳಿ. ಸಮರ್ಥನೆ ಬೇಡ, ಕೇಳಿಸಿಕೊಂಡರೆ ಸಾಕು.

ಕೈ ಕಟ್ಟಿದ ವಿಷಯಕ್ಕೆ ಬರುತ್ತೇನೆ. ಕಾಯ್ದೆಯ 97ನೇ ಸೆಕ್ಷನ್ ಸ್ಪಷ್ಟ ಇದೆ. ತಕ್ಷಣ ಅವರಿಗೋ ಇನ್ನೊಬ್ಬರಿಗೋ ಹಾನಿ ಆಗುವಂತಿದ್ದು, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಟ್ಟಬಹುದು. ಮನೋವೈದ್ಯರ ಅನುಮತಿ ಬೇಕು. ಎಷ್ಟು ಬೇಕೋ ಅಷ್ಟೇ ಹೊತ್ತು. ಯಾಕೆ, ಎಷ್ಟು ಹೊತ್ತು ಅಂತ ಕೇಸ್ ಶೀಟಿನಲ್ಲಿ ಬರೆದಿರಬೇಕು. ಶಿಕ್ಷೆಗೆ ಅಂತಲೋ, ಸಿಬ್ಬಂದಿ ಕಡಿಮೆ ಅಂತಲೋ ಕಟ್ಟುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವುದಂತೂ ಪೂರ್ತಿ ನಿಷೇಧ. ಕೂಗಾಡಿದ್ದಕ್ಕೆ ಕಟ್ಟಿದರು ಅಂತ ನೀವು ಬರೆದಿದ್ದೀರಿ. ಅದಷ್ಟೇ ಕಾರಣ ಆಗಿದ್ದರೆ ಅದು ತಪ್ಪು. ಬೇರೆ ಕಾರಣ ಇತ್ತಾ ಅಂತ ದೂರದಿಂದ ನಾನು ತೀರ್ಪು ಕೊಡಲಾರೆ. ದಾಖಲೆ ಕೇಳುವ ಹಕ್ಕು ಮಗಳಿಗಿದೆ. ಆಸ್ಪತ್ರೆಯ ಮುಖ್ಯಸ್ಥರಿಗೆ ಲಿಖಿತ ದೂರು ಕೊಡಬಹುದು, ಅಲ್ಲಿ ಸಮಾಧಾನ ಆಗದಿದ್ದರೆ, ಇದೇ ಕಾಯ್ದೆಯಡಿ ರೋಗಿಗಳ ದೂರು ಕೇಳುವ ಮಾನಸಿಕ ಆರೋಗ್ಯ ಪುನರ್ವಿಮರ್ಶೆ ಮಂಡಳಿಗೆ ಹೋಗಬಹುದು. ದೂರು ಕೊಡಬೇಕೋ ಬೇಡವೋ ಅನ್ನುವುದು ಅವಳ ತೀರ್ಮಾನ ಆಗಲಿ. ಕೆಲವರಿಗೆ ದೂರು ಬರೆದಾಗಲೇ ಮನಸ್ಸು ಹಗುರಾಗುತ್ತದೆ. ಇನ್ನು ಕೆಲವರಿಗೆ ಆ ದಿನವನ್ನು ನೆನೆಯುವುದೇ ಹಿಂಸೆ.

ಪೊಲೀಸರ ಬಗ್ಗೆ ಹೆದರಬೇಡಿ. ಇಂಥ ಗಾಯಕ್ಕೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಪೊಲೀಸರಿಗೆ ತಿಳಿಸುವ ಪ್ರಕರಣ) ಅಂತ ಬರೆದುಕೊಳ್ಳುವುದು, ಠಾಣೆಯಿಂದ ಒಬ್ಬರು ಬಂದು ಹೇಳಿಕೆ ಪಡೆಯುವುದು ಇದೆ. ಆದರೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ, ಶಿಕ್ಷೆ ಬೇಡ, ಆರೈಕೆ ಕೊಡಿ ಅನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ.

ನಿಮ್ಮ ಅತ್ತೆಯವರ ಎರಡು ಮಾತಿಗೆ ಉತ್ತರ ಕೊಡಬೇಕು, ಹಿರಿಯರು. ‘ಆಟ’ ಅನ್ನುವುದು ನಿಜ ಅಲ್ಲ. ಗಾಯ ಮಾಡಿಕೊಳ್ಳುವ ಹೆಚ್ಚಿನವರು ಅದನ್ನು ಬಚ್ಚಿಡುತ್ತಾರೆ. ನಿಮಗೇ ಗೊತ್ತಿರಲಿಲ್ಲ ಅಂದಿರಲ್ಲ. ತಡೆಯಲಾಗದ ತಳಮಳ ಆ ಕ್ಷಣಕ್ಕೆ ಇಳಿಯುತ್ತದೆ ಅಂತ ಮಾಡಿಕೊಳ್ಳುತ್ತಾರೆ. ಪ್ರತಿ ಸಲವೂ ಸಾಯುವ ಉದ್ದೇಶ ಇರುವುದಿಲ್ಲ, ಆದರೆ ಮುಂದೆ ಜೀವಕ್ಕೆ ಅಪಾಯ ಆಗುವ ಸಾಧ್ಯತೆ ಅಂಥವರಲ್ಲಿ ಜಾಸ್ತಿ. ಇದಕ್ಕೆ ಹೆಸರಾದ ಚಿಕಿತ್ಸೆ ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ತಳಮಳವನ್ನು ಗಾಯ ಮಾಡಿಕೊಳ್ಳದೆ ದಾಟಲು ಕಲಿಸುವ ಮಾತಿನ ಚಿಕಿತ್ಸೆ ಅದು. ಅದನ್ನು ರೂಪಿಸಿದ ಅಮೆರಿಕದ ಮಾರ್ಷಾ ಲಿನಹನ್ 1961ರಲ್ಲಿ, 17ನೇ ವಯಸ್ಸಿಗೆ ಇಂಥದ್ದೇ ಕಾರಣಕ್ಕೆ ಆಸ್ಪತ್ರೆ ಸೇರಿದ್ದರು. ಎರಡು ವರ್ಷಕ್ಕೂ ಜಾಸ್ತಿ ಅಲ್ಲಿದ್ದರು, ಒಂಟಿ ಕೋಣೆಯಲ್ಲಿ ಕೂಡಿಹಾಕಿಸಿಕೊಂಡಿದ್ದರು. 2011ರಲ್ಲಿ ಅದೇ ಆಸ್ಪತ್ರೆಗೆ ಹೋಗಿ ಎಲ್ಲರೆದುರು ಇದನ್ನು ಹೇಳಿದರು. ನಿಮ್ಮ ಮಗಳಿಗೆ ಇದನ್ನು ಓದಿ ಹೇಳಿ. ವಾರ್ಡು ಸರಿಯಿಲ್ಲ ಅಂದವರಲ್ಲಿ ಅವಳು ಮೊದಲನೆಯವಳಲ್ಲ.

‘ಸೋಕಿದೆ’ ಅನ್ನುವುದಕ್ಕೆ ನಾನು ಜಗಳ ಆಡುವುದಿಲ್ಲ. ದೇವಸ್ಥಾನಕ್ಕೆ ಹೋಗಿ ಬನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ಹೊಡೆಯುವ, ಹೊಗೆ ಹಾಕುವ, ಕಟ್ಟಿಹಾಕುವ ಜಾಗಕ್ಕೆ ಬೇಡವೇ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟುಕೊಂಡಿದ್ದ ಇಂಥದ್ದೇ ಒಂದು ಜಾಗಕ್ಕೆ ಬೆಂಕಿ ಬಿದ್ದು 28 ಜನ ತೀರಿಕೊಂಡರು. ಸರಪಳಿ ಹಾಕಿದ್ದರಿಂದ ಓಡಲಾಗಲಿಲ್ಲ. ಈಗ ಎಲ್ಲಿಯೇ ಆಗಲಿ ಸರಪಳಿ ಹಾಕುವುದು ಕಾನೂನುಬಾಹಿರ.

ಈಗ ಮುಂದಿನದು. ಆಸ್ಪತ್ರೆಯಿಂದ ಬಂದ ಮೊದಲ ವಾರ, ಆಮೇಲಿನ ಮೂರು ತಿಂಗಳು ಬಹಳ ನಾಜೂಕಿನ ಕಾಲ. ‘ಮನೆಗೆ ಬಂದಳು, ಆಯ್ತು’ ಅನ್ನುವ ಹಾಗಿಲ್ಲ. ಹಾಗಾಗಿ ಯಾವ ಡಾಕ್ಟರ ಹತ್ತಿರವೂ ಹೋಗದೆ ಇರುವ ದಾರಿಯನ್ನು ನಾನು ಒಪ್ಪಲಾರೆ. ಆದರೆ ಅದೇ ಆಸ್ಪತ್ರೆಗೆ, ಅದೇ ಡಾಕ್ಟರಿಗೆ ಹೋಗಬೇಕು ಅಂತೇನಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ದಿವಂಗತ ಮನೋವೈದ್ಯ ಡಾ. ಅಶೋಕ್ ಪೈ ಅವರಂಥವರ ದೆಸೆಯಿಂದ ಈ ಊರಲ್ಲಿ ಮನಸ್ಸಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಮೊದಲಿನಷ್ಟು ನಾಚಿಕೆಯೂ ಇಲ್ಲ. ಬಸ್ಸಲ್ಲಿ ಬಂದುಹೋಗುವುದು ಕಷ್ಟ ಅಂದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಕ್ಲಿನಿಕ್ ಇರುತ್ತದೆ. ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿ. ಅಲ್ಲಿ ಜನ ಜಾಸ್ತಿ, ಮಾತಿಗೆ ಸಮಯ ಕಡಿಮೆ, ಪರಿಚಯದವರು ಎದುರಾಗಬಹುದು. ಆದರೂ ಚಿಕಿತ್ಸೆ ತಪ್ಪುವುದಕ್ಕಿಂತ ವಾಸಿ. ಮಾತ್ರೆಯ ಬಗ್ಗೆ ಒಂದು ಎಚ್ಚರ. 25ರೊಳಗಿನವರಲ್ಲಿ ಖಿನ್ನತೆಯ ಕೆಲವು ಮಾತ್ರೆ ಶುರು ಮಾಡಿದಾಗ ಅಥವಾ ಡೋಸ್ ಬದಲಿಸಿದಾಗ ಮೊದಲ ಕೆಲವು ವಾರ ಚಡಪಡಿಕೆ, ಕೆಟ್ಟ ಯೋಚನೆ ಹೆಚ್ಚಾಗಬಹುದು. ಹಾಗಾದರೆ ನೀವೇ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ದೂರದವರು ಅಂತ ತಿಂಗಳಿಗಾಗುವಷ್ಟು ಕೊಟ್ಟಿದ್ದರೆ ಬೀಗದೊಳಗಿಟ್ಟು ದಿನದ್ದು ದಿನ ಕೊಡಿ.

ಚಿಲಕದ ವಿಷಯ. ಯಜಮಾನರ ಭಯ ಅರ್ಥವಾಗುತ್ತದೆ, ಆದರೆ ಅವಳನ್ನು ಕೇಳದೆ ಕಿತ್ತಿದ್ದು ವಾರ್ಡನ್ನೇ ಮನೆಗೆ ತಂದ ಹಾಗಾಯಿತು. ಹೊರಗಿಂದಲೂ ತೆಗೆಯಲು ಬರುವ ಚಿಲಕ ಹಾಕಿಸಿ. ಮೊದಲ ಕೆಲವು ವಾರ ಒಳಗಿಂದ ಹಾಕಿಕೊಳ್ಳದಿರಲು ಅವಳನ್ನೇ ಒಪ್ಪಿಸಿ. ಯಾವ ತಾರೀಖಿನವರೆಗೆ ಅಂತಲೂ ಹೇಳಿ. ಬದಲಿಗೆ ಮನೆಯಲ್ಲಿ ಎಲ್ಲರೂ, ಅವಳ ಅಪ್ಪನೂ, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಇದರಲ್ಲಿ ಅಪಾಯ ಪೂರ್ತಿ ಹೋಗುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಬೆನ್ನಿಗೆ ಬಿದ್ದರೂ ಹೋಗುವುದಿಲ್ಲ, ಅವಳು ಮಾತು ನಿಲ್ಲಿಸುತ್ತಾಳೆ ಅಷ್ಟೇ.

ಚಿಲಕಕ್ಕಿಂತ ಮುಖ್ಯವಾದ್ದು ತೋಟದ ಔಷಧಿ. ಅದು ಮನೆಯ ಸುತ್ತ ಎಲ್ಲೂ ಇರಬಾರದು. ಕೊಳೆರೋಗದ ಸಮಯದ್ದು, ಹುಲ್ಲಿನದ್ದು, ಉಳಿದ ಬಾಟಲಿ, ಎಲ್ಲ. ಬೇಕಾದಾಗ ತಂದು ಅದೇ ದಿನ ಮುಗಿಸಿ, ಇಲ್ಲವೇ ನೆಂಟರ ಮನೆಯಲ್ಲಿ ಬೀಗ ಹಾಕಿಸಿಡಿ. ಮನೆಯಲ್ಲಿ ಲೈಸೆನ್ಸ್ ಕೋವಿ ಇದ್ದರೆ, ಎಲೆಕ್ಷನ್ ಟೈಮಲ್ಲಿ ಒಪ್ಪಿಸುವ ಹಾಗೆ ಸದ್ಯಕ್ಕೆ ಠಾಣೆಗೆ ಒಪ್ಪಿಸಿಬಿಡಿ. ಕದ್ದುಮುಚ್ಚಿ ಬೇಡ. ‘ಕೆಟ್ಟ ಹೊತ್ತು ದಾಟಲಿ ಅಂತ’ ಅನ್ನಿ, ಅವಳಿಗೆ ಅರ್ಥವಾಗುತ್ತದೆ.

ಆಮೇಲೆ ಅವಳ ಕೈಯಲ್ಲೇ ಒಂದು ಹಾಳೆ ಬರೆಸಬೇಕು. ಇದು ಮಾತು ಕೊಡುವ ಕಾಗದ ಅಲ್ಲ, ಸುರಕ್ಷತಾ ಯೋಜನೆ. ತಳಮಳ ಶುರುವಾಗುವ ಗುರುತು ಏನು, ಆಗ ತಾನೇ ಏನು ಮಾಡಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ಡಾಕ್ಟರು, ಮನೆಯಿಂದ ಏನೇನು ತೆಗೆದಿಡಬೇಕು. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಂಥ ಯೋಜನೆ ಬರೆಸಿ ಆಮೇಲೆ ಫೋನ್ ಮಾಡಿ ವಿಚಾರಿಸಿಕೊಂಡವರಲ್ಲಿ ಮುಂದಿನ ಆರು ತಿಂಗಳ ಆತ್ಮಹತ್ಯಾ ಯತ್ನ, ಅಂಥ ನಡವಳಿಕೆ ಶೇ 45ರಷ್ಟು ಕಡಿಮೆ ಇತ್ತು. ನನ್ನ ಬಳಿ ಬರುವ ಒಬ್ಬಳು ‘ಕೊಟ್ಟಿಗೆಗೆ ಹೋಗಿ ಕರು ಹತ್ರ ಕೂರೋದು’ ಅಂತ ಬರೆದಿದ್ದಳು. ಅದು ಅವಳದ್ದು, ನಿಮ್ಮ ಮಗಳದ್ದು ಬೇರೆ ಇರುತ್ತದೆ. ನಮ್ಮ ಮಲೆನಾಡಿನಲ್ಲಿ ಒಂದು ಸಮಸ್ಯೆ ಇದೆ. ಹಾಳೆಯಲ್ಲಿ ಬರೀ ಫೋನ್ ನಂಬರ್ ಇದ್ದರೆ ಜುಲೈ ಮಳೆಗೆ ಕರೆಂಟು, ಟವರ್ ಎರಡೂ ಹೋದಾಗ ಏನು ಮಾಡುತ್ತೀರಿ? ನಡೆದು ಹೋಗಬಹುದಾದ ಒಂದು ಮನೆ, ರಾತ್ರಿ ಜೀಪು ತೆಗೆಯುವ ಒಬ್ಬರು, ನೆಟ್‌ವರ್ಕ್ ಸಿಗುವ ಜಾಗ, ಇವೂ ಅದರಲ್ಲಿರಲಿ. ಟೆಲಿ ಮನಸ್ ಸಹಾಯವಾಣಿ 14416 ದಿನದ ಯಾವ ಹೊತ್ತಿಗೂ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವಳಿಗಷ್ಟೇ ಅಲ್ಲ, ನಿಮಗೂ.

ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತೆ ಅಂತ ಹೆದರಿ ಸುಮ್ಮನಿರಬೇಡಿ. ‘ಸಾಯಬೇಕು ಅಂತ ಅನ್ಸುತ್ತಾ’ ಅಂತ ನೇರ ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಕೇಳಿದವರು ಗಾಬರಿಯಾಗಿ ಅಳಲು ಕೂತರೆ ಮಾತ್ರ ಮುಂದಿನ ಸಲ ಅವಳು ಹೇಳುವುದಿಲ್ಲ.

ಮತ್ತೆ ಅಡ್ಮಿಟ್ ಮಾಡಬೇಕಾಗಿ ಬಂದರೆ? ಹೇಗೆ, ಯಾವಾಗ ಅಂತ ಯೋಜನೆಯನ್ನೇ ಹೇಳಿದರೆ, ಊಟ ನಿದ್ದೆ ಬಿಟ್ಟು ಒಂದೇ ಸಮ ಚಡಪಡಿಸಿದರೆ, ಇಲ್ಲದ ದನಿ ಕೇಳುತ್ತಿದೆ ಅಂದರೆ, ಮತ್ತೆ ಗಾಯ ಮಾಡಿಕೊಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿವರೆಗೆ ಒಬ್ಬಳನ್ನೇ ಬಿಡಬೇಡಿ. ಅಂಥ ಹೊತ್ತಿಗೆ ಈಗಲೇ ತಯಾರಿ ಮಾಡಬಹುದು. ಕಾಯ್ದೆ ಪ್ರಕಾರ ಅವಳು ತನ್ನ ಪರವಾಗಿ ಮಾತಾಡುವವರು ಯಾರು ಅಂತ ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬಹುದು. ಅದು ನೀವೇ ಆಗಬೇಕಿಲ್ಲ, ಬೇಜಾರೂ ಮಾಡಿಕೊಳ್ಳಬೇಡಿ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಗಡ ನಿರ್ದೇಶನವನ್ನೂ ಬರೆದಿಡಬಹುದು. ತುರ್ತು ಚಿಕಿತ್ಸೆಗೆ ಅದು ಅಡ್ಡ ಬರುವುದಿಲ್ಲ. ಅವಳ ಒಪ್ಪಿಗೆ ಇಲ್ಲದೆ ಸೇರಿಸಿದರೆ 30 ದಿನದ ಮಿತಿ ಇದೆ, ಇಬ್ಬರು ತಜ್ಞರು ಬೇರೆ ಬೇರೆಯಾಗಿ ನೋಡಿರಬೇಕು. ಹೆಣ್ಣುಮಕ್ಕಳಾದರೆ ಮೂರು ದಿನದೊಳಗೆ ಪುನರ್ವಿಮರ್ಶೆ ಮಂಡಳಿಗೆ ತಿಳಿಸಬೇಕು. ಸೇರಿಸುವಾಗಲೇ ನೀವು ಕೇಳಬಹುದು: ರಾತ್ರಿ ಹೇಗೆ ನೋಡುತ್ತೀರಿ, ಯಾರು ಮಾತಾಡಿಸುತ್ತಾರೆ, ಸಾಮಾನು ಯಾವಾಗ ವಾಪಸ್ ಕೊಡುತ್ತೀರಿ? ಕೇಳಿದರೆ ಮುನಿಸಿಕೊಳ್ಳುವ ಡಾಕ್ಟರಿಗಿಂತ ಕೂತು ಉತ್ತರ ಕೊಡುವ ಡಾಕ್ಟರನ್ನು ಹುಡುಕಿ.

ಈ ವಾರ ಮಾಡಬೇಕಾದ್ದು ಇಷ್ಟು. ವಾರ್ಡಿನಲ್ಲಿ ತನಗೆ ಏನು ಬೇಜಾರಾಯಿತು, ಏನು ಒಳ್ಳೆಯದಾಯಿತು ಅಂತ ಅವಳೇ ಒಂದು ಪುಟ ಬರೆಯಲಿ. ಅದನ್ನೂ ಡಿಸ್ಚಾರ್ಜ್ ಸಮ್ಮರಿಯನ್ನೂ ಹಿಡಿದು ಹೊಸ ಡಾಕ್ಟರ ಹತ್ತಿರ ಹೋಗಿ. ಮೊದಲು ಅವಳೊಬ್ಬಳೇ ಒಳಗೆ ಹೋಗಿ ಮಾತಾಡಲಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ, ಕರೆದಾಗ ಹೋದರೆ ಸಾಕು.